ಆಡು-ಕುರಿ ಮನೆಯ ಜ್ವರ ಹೃದಯಕ್ಕೆ ಇಳಿಯುವ ಮುನ್ನ

ನಮ್ಮ ಕಾಕಾನಿಗೆ ಜ್ವರ ಶುರುವಾಗಿದ್ದು ಶೇಂಗಾ ಕೀಳುವ ಹೊತ್ತಿಗೆ. ಸಂಜೆಯಾದರೆ ಮೈ ಕಾಯುತ್ತಿತ್ತು. ನಡುರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲದವರ ಹಾಗೆ ಆಡು ಹೊಡೆದುಕೊಂಡು ಹೋಗುತ್ತಿದ್ದರು. ಎಂಟು ದಿನ ಇರುತ್ತಿತ್ತು, ನಾಲ್ಕು ದಿನ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಟೈಫಾಯಿಡ್ ಅಂದರು, ಇಂಜೆಕ್ಷನ್ ಆಯಿತು. ಸೊಂಟ ನೋವು ಅಂದಾಗ ವಯಸ್ಸಾಯಿತಲ್ಲ ಅಂತ ನಾವೇ ಅಂದೆವು. ಸಂಕ್ರಾಂತಿ ಹೊತ್ತಿಗೆ ಹೊಲದ ಬದು ಹತ್ತಿದರೂ ಏದುಸಿರು ಬರತೊಡಗಿತು. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಮೇಡಂ ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಮನ್ಯಾಗ ಆಡು, ಕುರಿ ಅದಾವೇನ್ರೀ?"

ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಕೆರೂರಿನ ಸುತ್ತಮುತ್ತ ಆಡು ಇಲ್ಲದ ಮನೆಯೇ ಕಡಿಮೆ. ಅದನ್ನೇನು ಡಾಕ್ಟರಿಗೆ ಹೇಳುವುದು ಅಂತ ಅನಿಸುತ್ತದೆ, ಅಲ್ವಾ? ಆ ಒಂದು ಮಾತು ಮೊದಲ ವಾರವೇ ಬಾಯಿಂದ ಬಂದಿದ್ದರೆ ಕಾಕಾನ ಎದೆ ಕೊಯ್ಯುವ ಪ್ರಸಂಗ ಬರುತ್ತಿರಲಿಲ್ಲವೇನೋ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಯಾವ ಜ್ವರ

ಇದರ ಹೆಸರು ಬ್ರುಸೆಲ್ಲೋಸಿಸ್. ಪಶು ಆಸ್ಪತ್ರೆಯವರು ಕಂದು ರೋಗ ಅನ್ನುತ್ತಾರೆ, ಯಾಕೆಂದರೆ ಇದು ತಗುಲಿದ ಆಕಳು, ಎಮ್ಮೆ, ಆಡು, ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತವೆ. ಆಡು-ಕುರಿಯಿಂದ ಬರುವ ರೋಗಾಣುವಿನ ತಳಿ ಮನುಷ್ಯರಿಗೆ ಜಾಸ್ತಿ ಕಾಟ ಕೊಡುತ್ತದೆ. ಕಾಯಿಸದ ಹಾಲಿನಿಂದ ಬರುತ್ತದೆ. ಕಂದು ಹಾಕಿದಾಗ ಬೀಳುವ ಕಸ (ಮಾಸು), ನೀರು, ರಕ್ತ ಮುಟ್ಟಿದ ಕೈಯ ಸಣ್ಣ ಗಾಯದಿಂದಲೂ ಬರುತ್ತದೆ. ಅದೇ ನೀರು, ರಕ್ತ ಕಣ್ಣಿಗೆ ಸಿಡಿದರೂ, ಉಸಿರಿನ ಜೊತೆ ಒಳಗೆ ಹೋದರೂ ತಗಲಬಹುದು. ಮನುಷ್ಯರಿಂದ ಮನುಷ್ಯರಿಗೆ ಬರುವುದು ತೀರಾ ಅಪರೂಪ. ಹಾಗಾಗಿ ರೋಗಿಯನ್ನು ದೂರ ಇಡಬೇಡಿ, ಬೇರೆ ತಟ್ಟೆ ಲೋಟ ಮಾಡಬೇಡಿ.

1887ರಲ್ಲಿ ಡೇವಿಡ್ ಬ್ರೂಸ್ ಅನ್ನುವ ಬ್ರಿಟಿಷ್ ಸೈನ್ಯದ ವೈದ್ಯರು ಮಾಲ್ಟಾ ದ್ವೀಪದಲ್ಲಿ ಈ ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಲು ಇನ್ನೂ 18 ವರ್ಷ ಬೇಕಾಯಿತು. 1905ರಲ್ಲಿ ಅಲ್ಲಿನವರೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಆಡಿನಲ್ಲಿ ಇದನ್ನು ಪತ್ತೆಮಾಡಿದರು. ಅಲ್ಲಿ ಆಡುಗಳನ್ನು ಮನೆ ಬಾಗಿಲಿಗೇ ಹೊಡೆದುಕೊಂಡು ಬಂದು ಹಾಲು ಕರೆದುಕೊಡುತ್ತಿದ್ದರಂತೆ. ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದ ಮೇಲೆ ಜ್ವರ ಇಳಿಯಿತು. ನಮ್ಮ ಕಡೆಗೂ ಇದು ಹೊಸದಲ್ಲ. ವಿಜಯಪುರದ ವೈದ್ಯರು ತಮ್ಮ 16 ವರ್ಷದ ಅನುಭವವನ್ನು 2006ರಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಈ ರೋಗ ಪತ್ತೆಯಾದ ದೊಡ್ಡವರೇ 495 ಜನ.

ಕವಾಟ ಅಂದರೆ ಬಾಗಿಲು

ಈ ರೋಗಾಣು ಮೈಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ತನ್ನನ್ನು ತಿಂದುಹಾಕಬೇಕಾದ ಬಿಳಿ ರಕ್ತಕಣದ ಒಳಗೇ ಮನೆ ಮಾಡುತ್ತದೆ. ಅಲ್ಲಿಂದ ಯಕೃತ್ತು, ಗುಲ್ಮ, ಮೂಳೆಯ ಮಜ್ಜೆ, ಸೊಂಟ, ಮಂಡಿ, ಗಂಡಸರಲ್ಲಿ ವೃಷಣ, ಹೀಗೆ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ. ಹೃದಯಕ್ಕೆ ಹೋಗುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಅಷ್ಟೇ. ಆದರೆ ಈ ರೋಗದಿಂದ ಸಾಯುವವರಲ್ಲಿ ಹೆಚ್ಚಿನವರು ಇವರೇ.

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಹೃದಯದಿಂದ ಇಡೀ ಮೈಗೆ ರಕ್ತ ಹೊರಡುವ ಹೆಬ್ಬಾಗಿಲನ್ನು ಅಯೋರ್ಟಿಕ್ ಕವಾಟ ಅನ್ನುತ್ತಾರೆ. ಈ ರೋಗಾಣುವಿಗೆ ಹೆಚ್ಚಾಗಿ ಸಿಗುವುದು ಅದೇ. ಬಾಗಿಲಿನ ತೆಳ್ಳನೆ ರೆಕ್ಕೆಯ ಮೇಲೆ ರೋಗಾಣು ಅಂಟಿ, ಅದರ ಸುತ್ತ ರಕ್ತ ಹೆಪ್ಪುಗಟ್ಟಿ ಗಂಟು ಬೆಳೆಯುತ್ತದೆ. ರೆಕ್ಕೆ ತೂತು ಬೀಳುತ್ತದೆ, ಹರಿಯುತ್ತದೆ. ಬಾಗಿಲು ಸರಿಯಾಗಿ ಮುಚ್ಚದೆ, ಹೊರಗೆ ಹೋದ ರಕ್ತ ವಾಪಸ್ ಬರುತ್ತದೆ. ಹೃದಯ ಎರಡು ಪಟ್ಟು ದುಡಿದು ಸೋಲುತ್ತದೆ. ಕೆಲವರಿಗೆ ಕವಾಟದ ಬುಡದಲ್ಲಿ ಕೀವು ತುಂಬುತ್ತದೆ. ಗಂಟಿನ ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವಾ.

ಕಾಕಾನ ಎಕೋ (ಹೃದಯದ ಸ್ಕ್ಯಾನ್) ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಪರದೆಯ ಮೇಲೆ ಕವಾಟದ ರೆಕ್ಕೆಗಳು ತೆರೆದು ಮುಚ್ಚುತ್ತಿದ್ದವು. ಒಂದು ರೆಕ್ಕೆಯ ತುದಿಗೆ ಶೇಂಗಾ ಕಾಳಿನಷ್ಟು ಏನೋ ಅಂಟಿಕೊಂಡು, ಪ್ರತಿ ಬಡಿತಕ್ಕೂ ಗಾಳಿಗೆ ಬಟ್ಟೆ ಚಿಂದಿ ಹಾರಿದ ಹಾಗೆ ಆಡುತ್ತಿತ್ತು. ಅದೇ ಗಂಟು.

ಹೆಜ್ಜೆ ಒಂದು: ಜ್ವರದ ಲೆಕ್ಕ ಇಡಿ

ಒಂದು ಥರ್ಮಾಮೀಟರ್ ತನ್ನಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲೇ ಬರೆಯಿರಿ. ರಾತ್ರಿ ಬೆವರು ಬಂದರೆ ಒಂದು ಗೀಟು ಹಾಕಿ. ಈ ಜ್ವರ ಏರಿ ಇಳಿದು ಆಡುವುದರಿಂದ ಆಸ್ಪತ್ರೆಗೆ ಹೋದ ಹೊತ್ತಿಗೆ ಮೈ ತಣ್ಣಗಿರಬಹುದು. ಆಗ ಆ ಕ್ಯಾಲೆಂಡರ್ ಹಾಳೆಯೇ ಸಾಕ್ಷಿ. ಒಂದು ವಾರ ದಾಟಿದ ಜ್ವರ, ಜೊತೆಗೆ ಬೆವರು, ಸೊಂಟ ಅಥವಾ ಕೀಲು ನೋವು, ಊಟ ಸೇರದಿರುವುದು, ವೃಷಣ ಊದುವುದು, ಇಷ್ಟರಲ್ಲಿ ಎರಡು ಸೇರಿದರೂ ಈ ರೋಗದ ನೆನಪಾಗಬೇಕು. ರೋಗಾಣು ಒಳಗೆ ಹೋಗಿ ಎರಡರಿಂದ ನಾಲ್ಕು ವಾರಕ್ಕೆ ಜ್ವರ ಬರುವುದು ಸಾಮಾನ್ಯ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಹಿಂದಿನ ಐದಾರು ತಿಂಗಳು ನೆನಪು ಮಾಡಿಕೊಳ್ಳಿ.

ಹೆಜ್ಜೆ ಎರಡು: ಆ ಒಂದು ಮಾತು ಹೇಳಿ

ಡಾಕ್ಟರ್ ಕೇಳಲಿ ಬಿಡಲಿ, ನೀವೇ ಹೇಳಿ. ಮನೆಯಲ್ಲಿ ಯಾವ ದನಕರು ಇವೆ, ಇತ್ತೀಚೆಗೆ ಯಾವುದಾದರೂ ಕಂದು ಹಾಕಿತ್ತಾ, ಅದನ್ನು ಯಾರು ಮುಟ್ಟಿದರು, ಕಾಯಿಸದ ಹಾಲು ಕುಡಿಯುವ ರೂಢಿ ಇದೆಯಾ. ನಮ್ಮ ಮನೆಯಲ್ಲಿ ಈ ನಾಲ್ಕಕ್ಕೂ ಉತ್ತರ ಇತ್ತು. ಗಣಪತಿ ಹಬ್ಬದ ಆಸುಪಾಸಿನಲ್ಲಿ ಒಂದು ಆಡು ಕಂದು ಹಾಕಿತ್ತು. ಕಸ ಬೀಳದೆ ಒದ್ದಾಡುತ್ತಿದ್ದಾಗ ಕಾಕಾ ಬರಿಗೈಯಲ್ಲೇ ಎಳೆದು ತೆಗೆದಿದ್ದರು. ನೊರೆಹಾಲಂತೂ ಅವರಿಗೆ ದಿನಾ ಬೇಕು. ಅಡವಿಯಲ್ಲಿ ಹಸಿವಾದರೆ ರೊಟ್ಟಿ ಮುರಿದುಕೊಂಡು ಅದರ ಮೇಲೇ ಹಾಲು ಕರೆಯುತ್ತಿದ್ದರು.

ದನ ಸಾಕದವರಿಗೂ ಇದು ಬರಬಹುದು. ಕಟುಕರು, ಪಶು ವೈದ್ಯಕೀಯ ಸಿಬ್ಬಂದಿ, ಅಮೀನಗಡ ಅಥವಾ ಕೆರೂರು ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವರು, ಲ್ಯಾಬಿನಲ್ಲಿ ಕೆಲಸ ಮಾಡುವವರು ತಮ್ಮ ಕೆಲಸ ಏನೆಂದು ಹೇಳಲೇಬೇಕು.

ಇನ್ನೊಂದು ಮಾತನ್ನು ಮರೆಯಬೇಡಿ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದು ಕವಾಟ ಕೆಟ್ಟವರು, ಹುಟ್ಟಿನಿಂದಲೇ ಹೃದಯದಲ್ಲಿ ದೋಷ ಇದ್ದವರು, ಮೊದಲೇ ಕವಾಟ ಬದಲಾಯಿಸಿಕೊಂಡವರು ಅದನ್ನೂ ಹೇಳಬೇಕು. ಇಂಥವರ ಹೃದಯಕ್ಕೆ ಈ ರೋಗ ಬೇಗ ಇಳಿಯುತ್ತದೆ. ಆ ಕೀಲು ಜ್ವರ ಮತ್ತೆ ಬಾರದಿರಲೆಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುವವರಿಗೆ ನನಗೇನೂ ಆಗಲ್ಲ ಅನ್ನುವ ಧೈರ್ಯ ಇರುತ್ತದೆ. ಆ ಇಂಜೆಕ್ಷನ್ ಗಂಟಲಿನ ಬೇರೆ ರೋಗಾಣುವಿಗೆ. ಕಂದು ರೋಗವನ್ನು ಅದು ತಡೆಯುವುದಿಲ್ಲ.

ಹೆಜ್ಜೆ ಮೂರು: ಗುಳಿಗೆಗಿಂತ ಮೊದಲು ರಕ್ತ

ರಕ್ತವನ್ನು ಕಲ್ಚರ್‌ಗೆ (ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ಕೊಡುವುದಿದ್ದರೆ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಬೇಕು. ಎರಡು ದಿನದ ಗುಳಿಗೆ ತಿಂದು ಹೋದರೆ ರೋಗಾಣು ಸಾಯುವುದಿಲ್ಲ, ಆದರೆ ಬಾಟಲಿಯಲ್ಲಿ ಬೆಳೆಯದೆ ತಪ್ಪಿಸಿಕೊಳ್ಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಗುಳಿಗೆ ಕೆಡಿಸುವುದು ಇಲ್ಲೇ. ಟೈಫಾಯಿಡ್‌ಗೆ ಕೊಡುವ ಇಂಜೆಕ್ಷನ್‌ನಿಂದ ಜ್ವರ ನಾಲ್ಕು ದಿನ ತಗ್ಗಿದಂತೆ ಕಾಣಬಹುದು. ಕಾಕಾನಿಗೆ ಎರಡು ಸಲ ಹಾಗೇ ಆಯಿತು. ನಾವು ವಾಸಿಯಾಯಿತು ಅಂತ ಸಮಾಧಾನದಿಂದ ಮಲಗಿದೆವು. ಒಂದೇ ಒಂದು ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತೆಂದು ಟೈಫಾಯಿಡ್ ಅಂತ ಗಟ್ಟಿ ಮಾಡಿಕೊಳ್ಳಬೇಡಿ. ನಮ್ಮಂಥ ಕಡೆ ಅದು ದಾರಿ ತಪ್ಪಿಸುವುದು ಜಾಸ್ತಿ.

ಕಂದು ರೋಗಕ್ಕೆ ಮೊದಲು ಮಾಡುವುದು ರೋಸ್ ಬೆಂಗಾಲ್ ಪರೀಕ್ಷೆ. ನಿಮಿಷಗಳಲ್ಲಿ ಫಲಿತಾಂಶ ಬರುತ್ತದೆ. ಆಮೇಲೆ ಅಗ್ಲುಟಿನೇಷನ್ ಅಥವಾ ಎಲೈಸಾ ಅನ್ನುವ ರಕ್ತ ಪರೀಕ್ಷೆ. ಅಗ್ಲುಟಿನೇಷನ್ ವರದಿಯಲ್ಲಿ 1:160 ಅಥವಾ ಅದಕ್ಕೂ ಮೇಲಿದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಡಾಕ್ಟರ್ ಗಂಭೀರವಾಗಿ ತಗೊಳ್ಳುತ್ತಾರೆ. ಕಲ್ಚರ್ ಬಾಟಲಿ ಕೊಡುವಾಗ ಲ್ಯಾಬಿನವರಿಗೆ ಬ್ರುಸೆಲ್ಲಾ ಸಂಶಯ ಇದೆ ಅಂತ ಚೀಟಿಯಲ್ಲೇ ಬರೆಸಿ. ಈ ರೋಗಾಣು ನಿಧಾನಕ್ಕೆ ಬೆಳೆಯುತ್ತದೆ, ಹಾಗಾಗಿ ಬಾಟಲಿಯನ್ನು ಬೇಗ ಎಸೆಯಬಾರದು. ಲ್ಯಾಬಿನ ಹುಡುಗ ಹುಡುಗಿಯರಿಗೂ ಇದು ಗಾಳಿಯ ಮೂಲಕ ತಗಲುತ್ತದೆ, ಅವರೂ ಹುಷಾರಾಗಿರಬೇಕಲ್ಲ.

ಸೊಂಟ ನೋವಿದ್ದವರಿಗೆ ಎಂಆರ್‌ಐ ಮಾಡಿಸಿ ಬೆನ್ನುಮೂಳೆಯ ಟಿಬಿ ಅಂದುಬಿಡುವುದೂ ಉಂಟು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಟಿಬಿ ಗುಳಿಗೆ ಶುರು ಮಾಡುವ ಮೊದಲು ಕಂದು ರೋಗದ ರಕ್ತ ಪರೀಕ್ಷೆಯನ್ನೂ ಮಾಡಿ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರಾಗುವುದಿಲ್ಲ.

ಆಡು-ಕುರಿ ಹೆರಿಗೆಯ ಕಸದಿಂದಲೇ ಬಂದು ಕವಾಟಕ್ಕೆ ಕೂರುವ ಇನ್ನೊಂದು ರೋಗವಿದೆ, ಕ್ಯೂ ಜ್ವರ. ಮಾಮೂಲಿ ಕಲ್ಚರ್‌ನಲ್ಲಿ ಅದು ಸಿಗುವುದೇ ಇಲ್ಲ. ಕವಾಟದಲ್ಲಿ ಗಂಟು ಕಾಣುತ್ತಿದೆ, ಕಂದು ರೋಗದ ಪರೀಕ್ಷೆ ನೆಗೆಟಿವ್ ಅಂತಾದರೆ ಇದರ ಬಗ್ಗೆಯೂ ಕೇಳಿ.

ಹೆಜ್ಜೆ ನಾಲ್ಕು: ಎದೆ ಕೊಡುವ ಸುಳಿವು

ಕಂದು ರೋಗ ಅಂತ ಗೊತ್ತಾದ ದಿನವೇ ಒಂದು ಪ್ರಶ್ನೆ ಇಡಿ: ಎದೆಯಲ್ಲಿ ಬೇರೆ ಸದ್ದು ಕೇಳುತ್ತಾ, ಎಕೋ ಬೇಕಾ? ಹೃದಯದ ಬಾಧೆ ಇದ್ದವರು ಹೇಗೂ ಮಾಡಿಸಬೇಕು. ಮೊದಲಿಗಿಂತ ಬೇಗ ದಮ್ಮು ಬರುವುದು, ರಾತ್ರಿ ಅಂಗಾತ ಮಲಗಲಾಗದೆ ಎರಡು ದಿಂಬು ಬೇಡುವುದು, ಪಾದ ಊದಿ ಬೆರಳಿಟ್ಟರೆ ಗುಳಿ ಬೀಳುವುದು, ಎದೆ ಡವಗುಟ್ಟುವುದು, ಗುಳಿಗೆ ತಿಂದರೂ ಜ್ವರ ಬಿಡದಿರುವುದು, ಇವು ಕಂಡರೆ ಎಕೋ ತಡ ಮಾಡಬೇಡಿ. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಏನೂ ಕಾಣದೆ ಸಂಶಯ ಉಳಿದರೆ ಗಂಟಲಿನಿಂದ ನಳಿಕೆ ಇಳಿಸಿ ಮಾಡುವ ಎಕೋ ಇದೆ. ಸ್ವಲ್ಪ ಕಷ್ಟ ಅನಿಸುತ್ತದೆ, ಆದರೆ ಸಣ್ಣ ಗಂಟು, ಕೀವು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಕೈ ಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಾಲು ಇದ್ದಕ್ಕಿದ್ದಂತೆ ನೋವಾಗಿ ತಣ್ಣಗಾದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಹೆಜ್ಜೆ ಐದು: ಗುಳಿಗೆಯ ತಿಂಗಳುಗಳು

ಎಲ್ಲಕ್ಕಿಂತ ಜಾಸ್ತಿ ಜನ ಸೋಲುವುದು ಇಲ್ಲಿ. ಹೃದಯಕ್ಕೆ ಹೋಗದ ಸಾದಾ ಕಂದು ರೋಗಕ್ಕೇ ಆರು ವಾರ ಔಷಧ ಬೇಕು. ಡಾಕ್ಸಿಸೈಕ್ಲಿನ್ ಜೊತೆಗೆ ರಿಫಾಂಪಿಸಿನ್ ಗುಳಿಗೆ ಕೊಡುತ್ತಾರೆ, ಇಲ್ಲವೇ ಡಾಕ್ಸಿಸೈಕ್ಲಿನ್ ಜೊತೆ ಮೊದಲ ಒಂದರಿಂದ ಮೂರು ವಾರ ಸ್ಟ್ರೆಪ್ಟೋಮೈಸಿನ್ ಅಥವಾ ಜೆಂಟಾಮೈಸಿನ್ ಇಂಜೆಕ್ಷನ್. ಒಂದೇ ಔಷಧ ಕೊಟ್ಟರೆ ರೋಗ ಮರಳಿ ಬರುತ್ತದೆ. ಹೃದಯಕ್ಕೆ ಹೋಗಿದ್ದರೆ ಮೂರು ಬಗೆ ಔಷಧ ಸೇರಿಸಿ ಕಡಿಮೆ ಅಂದರೂ ಮೂರು ತಿಂಗಳು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಔಷಧ ಬೇರೆ ಇರುತ್ತದೆ. ಡೋಸ್ ಡಾಕ್ಟರೇ ಬರೆಯಬೇಕು, ಒಬ್ಬರ ಚೀಟಿ ಇನ್ನೊಬ್ಬರಿಗೆ ಆಗದು.

ಎಂಟನೇ ದಿನಕ್ಕೆ ಜ್ವರ ಹೋಗಿರುತ್ತದೆ. ಕೆಲಸ ಕರೆಯುತ್ತದೆ. ಗುಳಿಗೆ ಡಬ್ಬಿ ಗೋಡೆಯ ಮಾಡದ ಮೂಲೆ ಸೇರುತ್ತದೆ. ಬಿಳಿ ಕಣದೊಳಗೆ ಅಡಗಿದ ರೋಗಾಣು ಮಾತ್ರ ಅಲ್ಲೇ ಇರುತ್ತದೆ. ರೋಗ ಮರುಕಳಿಸುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ.

ಚಿಕ್ಕೋಡಿ, ರಾಯಬಾಗ ಕಡೆಯಿಂದ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವ ಅಣ್ಣಂದಿರಿಗೆ ಇದು ನಿಜವಾಗಿಯೂ ಕಷ್ಟ. ನನ್ನ ಸಲಹೆ ಇಷ್ಟು: ಪೂರ್ತಿ ಕೋರ್ಸಿನ ಗುಳಿಗೆ ಒಮ್ಮೆಗೇ ಕೊಡಲು ಕೇಳಿ. ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಂಬಳಿ ಗಂಟಿನಲ್ಲಿಡಿ. ಮುಂದಿನ ತಪಾಸಣೆ ಹೊತ್ತಿಗೆ ಯಾವ ಊರ ಹೊಲದಲ್ಲಿ ಕುರಿ ನಿಲ್ಲಿಸಿರುತ್ತೀರೋ ಅಲ್ಲಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಹೃದಯಕ್ಕೆ ಇಳಿದಿದ್ದರೆ ಮಾತ್ರ ಆ ವರ್ಷದ ತಿರುಗಾಟ ಬಿಡಲೇಬೇಕು. ಕುರಿಗಳನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ.

ಡಾಕ್ಸಿಸೈಕ್ಲಿನ್ ತಗೊಂಡ ಮೇಲೆ ಲೋಟ ತುಂಬ ನೀರು ಕುಡಿದು ಅರ್ಧ ತಾಸು ಕೂತಿರಿ, ಕೂಡಲೇ ಮಲಗಿದರೆ ಎದೆ ಉರಿಯುತ್ತದೆ. ಕಬ್ಬಿಣದ ಗುಳಿಗೆ, ಗ್ಯಾಸ್ಟ್ರಿಕ್ ಔಷಧ, ಹಾಲು ಇವನ್ನೆಲ್ಲ ಅದರ ಜೊತೆ ಬೇಡ. ಬಿಸಿಲಿಗೆ ಚರ್ಮ ಸುಡುತ್ತದೆ, ತಲೆಗೆ ರುಮಾಲು, ತುಂಬು ತೋಳಿನ ಅಂಗಿ ಇರಲಿ. ರಿಫಾಂಪಿಸಿನ್ ತಿಂದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಾಕಾನ ಹೆಂಡತಿ, ನಮ್ಮ ಕಾಕು, ಅದನ್ನು ರಕ್ತ ಅಂದುಕೊಂಡು ಅತ್ತುಬಿಟ್ಟಿದ್ದರು. ಹೆದರಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಕ್ಷಣ ಡಾಕ್ಟರ್ ಹತ್ತಿರ ಹೋಗಿ.

ರಿಫಾಂಪಿಸಿನ್ ಇನ್ನೊಂದು ಕೆಲಸ ಮಾಡುತ್ತದೆ. ರಕ್ತ ತೆಳುವಾಗಿಸುವ ಅಸಿಟ್ರೋಮ್, ವಾರ್ಫರಿನ್ ಗುಳಿಗೆಗಳ ಬಲವನ್ನು ತಗ್ಗಿಸುತ್ತದೆ. ಕವಾಟ ಬದಲಾಯಿಸಿಕೊಂಡವರಿಗೆ ಇದು ಪ್ರಾಣದ ಪ್ರಶ್ನೆ. ರಿಫಾಂಪಿಸಿನ್ ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಪದೇ ಪದೇ ಮಾಡಿಸಬೇಕು. ನಿಲ್ಲಿಸಿದ ಮೇಲೆ ಹಳೇ ಡೋಸ್ ಹಾಗೇ ಮುಂದುವರಿದರೆ ರಕ್ತಸ್ರಾವ ಆಗಬಹುದು. ಗರ್ಭ ತಡೆಯುವ ಗುಳಿಗೆಯೂ ಇದರಿಂದ ಸೋಲುತ್ತದೆ, ಹೆಣ್ಣುಮಕ್ಕಳಿಗೆ ಇದನ್ನು ಹೇಳಲೇಬೇಕು.

ಹೆಜ್ಜೆ ಆರು: ಆಪರೇಷನ್ ಅಂದಾಗ

ಕವಾಟ ತೀರಾ ಸೋರುತ್ತಿದ್ದರೆ, ಕೀವು ಕಟ್ಟಿದ್ದರೆ, ಗಂಟು ದೊಡ್ಡದಿದ್ದರೆ ಬರೀ ಗುಳಿಗೆಯಿಂದ ಆಗುವುದಿಲ್ಲ. ಕವಾಟ ಬದಲಾಯಿಸಬೇಕಾಗುತ್ತದೆ. ಈ ರೋಗದಲ್ಲಿ ಅದು ಬಹಳ ಜನರಿಗೆ ಬೇಕಾಗುತ್ತದೆ. ಇನ್ನೂ ಎರಡು ತಿಂಗಳು ನೋಡೋಣ ಅಂತ ನಮ್ಮ ಮನೆಯಲ್ಲೂ ಮಾತು ಬಂತು. ಸೋತ ಹೃದಯಕ್ಕೆ ಕತ್ತರಿ ಹಾಕುವುದು ಇನ್ನೂ ಅಪಾಯ ಅಂತ ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಕಾಕು ಒಪ್ಪಿದರು.

ದುಡ್ಡಿಗೆ ಹೆದರಿ ಮನೆಯಲ್ಲೇ ಕೂರಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಕೈಯಲ್ಲಿರಲಿ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮೊದಲು ಕಾಣಿ. ವಿಜಯಪುರ ಕಡೆಯವರಿಗೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಆಪರೇಷನ್ ಆದ ಮೇಲೂ ಕಂದು ರೋಗದ ಗುಳಿಗೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ, ಅದನ್ನು ಬಿಡಿಸುವ ಹಾಗಿಲ್ಲ.

ಹೆಜ್ಜೆ ಏಳು: ದೊಡ್ಡಿ ಮತ್ತು ಒಲೆ

ಮನೆಯಲ್ಲಿ ಒಬ್ಬರಿಗೆ ಬಂದರೆ ಅದೇ ಹಾಲು ಕುಡಿದ ಎಲ್ಲರನ್ನೂ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಕಾಕಾನ ಮಗನಿಗೂ ಇತ್ತು. ಅವನಿಗೆ ಆರು ವಾರದಲ್ಲಿ ಮುಗಿಯಿತು.

ಹಾಲು ಉಕ್ಕಿ ಬರುವ ತನಕ ಕಾಯಿಸಿ. ಅಷ್ಟು ಸಾಕು, ರೋಗಾಣು ಸಾಯುತ್ತದೆ. ಹೆಪ್ಪು ಹಾಕುವುದು ಕಾಯಿಸಿದ ಹಾಲಿಗೇ ಇರಲಿ. ಹಸಿ ಹಾಲಿನ ಮೊಸರು ಎಷ್ಟು ಹುಳಿಯಾದರೂ ನಂಬಬೇಡಿ. ಬೆಳಗಾವಿ ಕುಂದಾ ತಿನ್ನಬಹುದಾ ಅಂತ ಒಬ್ಬರು ಕೇಳಿದ್ದರು. ಧಾರಾಳವಾಗಿ ತಿನ್ನಿ, ತಾಸುಗಟ್ಟಲೆ ಕುದ್ದ ಹಾಲು ಅದು. ನೊರೆಹಾಲಿನಿಂದ ಬಲ ಬರುತ್ತದೆ ಅಂತ ಹಿರಿಯರು ಹೇಳುವುದನ್ನು ನಾನೂ ಕೇಳಿ ಬೆಳೆದವನು. ಕಾಯಿಸಿದರೆ ಆ ಬಲ ಎಲ್ಲೂ ಹೋಗುವುದಿಲ್ಲ.

ಕಂದು ಹಾಕಿದ ಪ್ರಾಣಿಯನ್ನು ಬೇರೆ ಕಟ್ಟಿ. ಕಸ ತೆಗೆಯಲು ಪಶು ವೈದ್ಯರನ್ನು ಕರೆಯಿರಿ, 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ. ನೀವೇ ಮುಟ್ಟಬೇಕಾಗಿ ಬಂದರೆ ಕೈಗವಸು ಹಾಕಿ. ಅದೂ ಇಲ್ಲದಿದ್ದರೆ ಮೊಣಕೈವರೆಗೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ. ಬಸುರಿ ಹೆಣ್ಣುಮಕ್ಕಳು ಹತ್ತಿರ ಹೋಗಬಾರದು. ಸತ್ತ ಮರಿ, ಕಸ, ನೆಂದ ಹುಲ್ಲು ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ತಿಪ್ಪೆಗೆ ಎಸೆದರೆ ನಾಯಿ ಎಳೆದುಕೊಂಡು ಊರೆಲ್ಲ ಹರಡುತ್ತದೆ. ನೆರಳಿನ ತೇವದ ಮಣ್ಣಿನಲ್ಲಿ ಈ ರೋಗಾಣು ವಾರಗಟ್ಟಲೆ ಬದುಕುತ್ತದೆ, ಬಿಸಿಲಿಗೆ ಬೇಗ ಸಾಯುತ್ತದೆ. ದೊಡ್ಡಿಗೆ ಬಿಸಿಲು ಬೀಳಲಿ.

ಪರೀಕ್ಷೆಯಲ್ಲಿ ರೋಗ ಇದೆ ಅಂತ ಬಂದ ಪ್ರಾಣಿಯನ್ನು ಸಂತೆಗೆ ಹೊಡೆಯಬೇಡಿ. ಹೋದಷ್ಟು ಬರಲಿ ಅಂತ ಮಾರುವ ಮನಸ್ಸಾಗುತ್ತದೆ, ನಷ್ಟ ಸಣ್ಣದಲ್ಲ, ನನಗೆ ಗೊತ್ತು. ಆದರೆ ಅದನ್ನು ಕೊಳ್ಳುವವರ ಮನೆಯಲ್ಲೂ ಹಾಲು ಕುಡಿಯುವ ಮಕ್ಕಳಿದ್ದಾರೆ. ಮುಂದೇನು ಮಾಡಬೇಕು ಅಂತ ಪಶು ಆಸ್ಪತ್ರೆಯವರನ್ನೇ ಕೇಳಿ. ಆಕಳು, ಎಮ್ಮೆಯ ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಕಂದು ರೋಗದ ಲಸಿಕೆ ಹಾಕಿಸಿ. ಒಮ್ಮೆ ಹಾಕಿದರೆ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ಇದು ಜೀವಂತ ಲಸಿಕೆ, ಸೂಜಿ ಕೈಗೆ ಚುಚ್ಚಿದರೆ ಮನುಷ್ಯರಿಗೂ ರೋಗ ಬರಬಹುದು. ಕರು ಹಿಡಿದುಕೊಳ್ಳುವವರು ಜೋಪಾನ.

ಕೊನೆಯ ಹೆಜ್ಜೆ: ಫೈಲಿನ ಮೊದಲ ಹಾಳೆ

ಔಷಧ ಮುಗಿದ ಮೇಲೂ ಕಡಿಮೆ ಅಂದರೂ ಒಂದು ವರ್ಷ ಡಾಕ್ಟರ್ ಹೇಳಿದ ದಿನ ರಕ್ತ, ಎಕೋ ಮಾಡಿಸಿ. ರಕ್ತದಲ್ಲಿ ಪಾಸಿಟಿವ್ ಅನ್ನುವುದು ತಿಂಗಳುಗಟ್ಟಲೆ ಉಳಿಯಬಹುದು. ಅದೊಂದಕ್ಕೇ ಗಾಬರಿ ಬೇಡ, ಜ್ವರ ಮತ್ತೆ ಬಂದರೆ ಮಾತ್ರ ಕಾಯಬೇಡಿ.

ಕಾಕಾ ಈಗ ಆಡು ಕಾಯಲು ಮತ್ತೆ ಹೋಗುತ್ತಿದ್ದಾರೆ. ಊರು ಮಲಗಿದ ಮೇಲೆ ಪಕ್ಕದಲ್ಲಿ ಕೂತರೆ ಎದೆಯೊಳಗಿನ ಲೋಹದ ಕವಾಟ ಟಿಕ್ ಟಿಕ್ ಅನ್ನುವುದು ಕೇಳಿಸುತ್ತದೆ. ಅವರ ಆಸ್ಪತ್ರೆ ಫೈಲಿನ ಮೊದಲ ಹಾಳೆಯಲ್ಲಿ ನಾನು ದೊಡ್ಡ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಅಂಟಿಸಿದ್ದೇನೆ. ನೀವೂ ನಿಮ್ಮ ಮನೆಗೆ ತಕ್ಕಂತೆ ಬದಲಿಸಿ ಬರೆದುಕೊಳ್ಳಿ, ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಅದನ್ನೇ ತೋರಿಸಿ:

ಮನೆಯಲ್ಲಿ ಆಡು, ಕುರಿ, ಎಮ್ಮೆ ಇವೆ.
ಕಂದು ರೋಗ ಆಗಿತ್ತು, ಹೃದಯಕ್ಕೆ ಇಳಿದಿತ್ತು.
ಅಯೋರ್ಟಿಕ್ ಕವಾಟ ಬದಲಾಗಿದೆ, ಅಸಿಟ್ರೋಮ್ ನಡೆಯುತ್ತಿದೆ.
ಜ್ವರ ಇದ್ದರೆ ಆಂಟಿಬಯೋಟಿಕ್ ಕೊಡುವ ಮೊದಲು ರಕ್ತ ಕಲ್ಚರ್‌ಗೆ ತೆಗೆಯಿರಿ.